ಕಡವಿನ ಹಾಡಿನ ಕೊನೆ

ತುಂಗಭದ್ರೆಯ ದಂಡೆಯಲ್ಲಿ, ಬಂಡೆಗಳ ಸಂದಿಯಲ್ಲಿ, ಎರಡು ಕೋಣೆಯ ಒಂದು ಮನೆ. ಮುಂದೆ ಒಂದು ಮುರುಕು ಕಲ್ಲುಮಂಟಪ. ಸುತ್ತಲಿನವರು ಅದನ್ನು ಗಿಟಾರಜ್ಜನ ಮಠ ಎನ್ನುತ್ತಿದ್ದರು.

ಮಠದಲ್ಲಿ ದೇವರಿರಲಿಲ್ಲ, ಗಂಟೆಯಿರಲಿಲ್ಲ, ಪ್ರಸಾದದ ಮಾತಂತೂ ಇರಲೇ ಇಲ್ಲ. ಹೊನ್ನಪ್ಪ ಮಾಸ್ತರರಿದ್ದರು. ಅವರದೊಂದು ಗಿಟಾರಿತ್ತು. ಗೋಡೆಯ ಮೊಳೆಗೆ ಸಿಕ್ಕಿಸಿದ ಒಂದು ಹಳೆಯ ಗ್ರಾಮಫೋನ್ ತಟ್ಟೆಯಿತ್ತು, ಬಿಸಿಲಿಗೆ ಸೊಟ್ಟಗಾಗಿ, ಸುಟ್ಟ ಹಪ್ಪಳದ ಹಾಗೆ.

ಐವತ್ತು ವರ್ಷಗಳ ಹಿಂದೆ ಮಾಸ್ತರರು ಮುಂಬಯಿಯಲ್ಲಿ ಕಡಲಕಾಗೆ ಎಂಬ ರಾಕ್ ತಂಡದಲ್ಲಿ ಗಿಟಾರು ನುಡಿಸುತ್ತಿದ್ದವರು. ಆಗ ಅವರ ಕೂದಲು ಬೆನ್ನಿಗಿಳಿಯುತ್ತಿತ್ತಂತೆ. ಈಗ ಕೂದಲೂ ಇಲ್ಲ, ತಂಡವೂ ಇಲ್ಲ. ನಾಲ್ಕು ಕಾಗೆಗಳಲ್ಲಿ ಮೂರು ಹಾರಿಹೋಗಿದ್ದವು.

ನಾಲ್ಕು ವರ್ಷಗಳಿಂದ ಅವರ ಎಡಗೈಯ ಬೆರಳುಗಳು ಒಳಕ್ಕೆ ಮಡಚಿಕೊಂಡು, ಬಿಡಿಸಲಾಗದಂತಾಗಿದ್ದವು. ಗಿಟಾರನ್ನು ಈಗ ವಾರಿಜಾಳೇ ಒರೆಸುತ್ತಿದ್ದಳು, ವಾರಿಜಾಳೇ ಶ್ರುತಿ ಮಾಡುತ್ತಿದ್ದಳು, ವಾರಿಜಾಳೇ ನುಡಿಸುತ್ತಿದ್ದಳು.

ಅವಳು ಮೂರು ಮೈಲಿ ದೂರದ ಶಾಲೆಯೊಂದರ ಸಂಗೀತದ ಟೀಚರು. ಹನ್ನೊಂದು ವರ್ಷಗಳಿಂದ ಮಾಸ್ತರರ ಶಿಷ್ಯೆ. ಬಂದದ್ದು ಒಂದೇ ಒಂದು ಹಾಡಿಗಾಗಿ. ಆ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಸ್ತರರು ಕಲಿಸಿದ್ದರು.

ಒಂದು ಗುರುವಾರ ಸಂಜೆ ವಾರಿಜಾ ಒಂದು ಹಾಳೆ ಹಿಡಿದುಕೊಂಡು ಬಂದಳು.

“ಮಾಸ್ತರೇ, ಈ ಭಾನುವಾರ ನಮ್ಮ ಶಾಲೆಯ ಮಕ್ಕಳನ್ನು ಇಲ್ಲಿಗೆ ಕರೆತರುತ್ತೇನೆ. ಹದಿನಾರು ಮಕ್ಕಳು.”

“ಯಾಕೆ? ಶಾಲೆಯ ಮಾಡು ಸೋರುತ್ತಿದೆಯೇ?”

“ನಿಮ್ಮ ಹಾಡುಗಳನ್ನು ಕೇಳಿಸಬೇಕು. ಗಿಟಾರೆಂದರೆ ಅವರಿಗೆ ಮೊಬೈಲಿನಲ್ಲಿ ಕರೆ ಬಂದಾಗ ಬಡಿದುಕೊಳ್ಳುವ ಸದ್ದು, ಅಷ್ಟೆ. ನಿಮ್ಮ ಅತ್ಯುತ್ತಮ ಹಾಡುಗಳು ಯಾವುವು ಅಂತ ಪಟ್ಟಿ ಮಾಡಿದ್ದೇನೆ. ಹತ್ತು.”

“ಅತ್ಯುತ್ತಮ ಅಂತ ಹೇಗೆ ಗೊತ್ತಾಯಿತು?”

“ಜನ ಅತಿ ಹೆಚ್ಚು ಕೇಳಿದವು.”

“ಹಾಗಾದರೆ ಕುಕ್ಕರಿನ ಸೀಟಿ ಕೇಳಿಸು ಮಾರಾಯ್ತಿ. ಅದನ್ನು ಕೇಳಿದಷ್ಟು ಜನ ನನ್ನನ್ನು ಕೇಳಿಲ್ಲ.”

ವಾರಿಜಾ ನಗಲಿಲ್ಲ. ಹಾಳೆಯನ್ನು ಅವರ ಮುಂದಿಟ್ಟಳು. ಮಾಸ್ತರರು ಕನ್ನಡಕ ಹುಡುಕಿದರು, ಸಿಗಲಿಲ್ಲ. ಅವಳೇ ಓದಿದಳು. ಉಪ್ಪಿನ ಗದ್ದೆ. ಮೂರನೇ ಪ್ಲಾಟ್‌ಫಾರ್ಮು. ಬೂದಿ ಬಣ್ಣದ ನಾಯಿ. ಒಂದೊಂದಕ್ಕೂ ಅವರು ಹೂಂ ಎಂದರು. ಒಂಬತ್ತಾದವು.

“ಹತ್ತನೆಯದು?”

“ನಿಮಗೆ ಗೊತ್ತು.”

“ನೀನೇ ಹೇಳು.”

“ಕಡವು,” ಎಂದಳು ವಾರಿಜಾ. ಹನ್ನೊಂದು ವರ್ಷಗಳಲ್ಲಿ ಆ ಹೆಸರನ್ನು ಅವರೆದುರು ಅವಳು ಮೂರನೆಯ ಸಲ ಹೇಳುತ್ತಿದ್ದಳು. ಮೊದಲೆರಡು ಸಲವೂ ಮಾಸ್ತರರು ಎದ್ದು ಒಳಗೆ ಹೋಗಿದ್ದರು.

ಈ ಸಲ ಏಳಲಿಲ್ಲ. ಮೊಣಕಾಲು ಹಿಡಿದಿತ್ತೋ, ಮನಸ್ಸು ಬದಲಾಗಿತ್ತೋ.

“ನಿನ್ನ ಹತ್ತಿರ ಅದು ಇದೆಯೇ?”

“ಎಲ್ಲರ ಹತ್ತಿರವೂ ಇದೆ ಮಾಸ್ತರೇ. ನಿಮ್ಮ ತಂಡದ ಹಾಡುಗಳ ಸಂಗ್ರಹದಲ್ಲಿ ಬಂದಿದೆಯಲ್ಲ.”

“ಹಾಕು.”

ವಾರಿಜಾ ಮೊಬೈಲನ್ನು ಮಂಟಪದ ಕಲ್ಲಿನ ಮೇಲಿಟ್ಟಳು. ಹಾಡು ಶುರುವಾಯಿತು.

ಮಾತಿಲ್ಲದ ಹಾಡು ಅದು. ಬರೀ ಗಿಟಾರು. ಮೊದಲು ಯಾರೋ ಮರಳಿನ ಮೇಲೆ ನಡೆದು ಬರುವ ಹಾಗೆ ಸಣ್ಣ ಸಣ್ಣ ಮೀಟು. ಆಮೇಲೆ ಓಟ. ಆಮೇಲೆ ಮೂವರು ಜೊತೆಗಾರರೂ ಸೇರಿ ಎಬ್ಬಿಸುವ ಗದ್ದಲ. ಕೊನೆಗೆ ಎಲ್ಲರೂ ಹಿಂದೆ ಸರಿದು, ಒಂದೇ ತಂತಿ ಮೇಲೆದ್ದು, ಉದ್ದಕ್ಕೆ, ಎದೆ ಬಿಚ್ಚಿ ಕೂಗುತ್ತದೆ. ಅಲ್ಲಿಗೆ ಹಾಡು ಮುಗಿಯುತ್ತದೆ.

ಒಂಬತ್ತು ವರ್ಷದವಳಿದ್ದಾಗ ವಾರಿಜಾ ಅದನ್ನು ರೇಡಿಯೋದಲ್ಲಿ ಮೊದಲ ಸಲ ಕೇಳಿದ್ದಳು. ಕೈಯಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಹಾಡು ಮುಗಿದು ಯಾವುದೋ ಸಾಬೂನಿನ ಜಾಹೀರಾತು ಬಂದಾಗ, ಅವಳಿಗೆ ಕಾರಣವಿಲ್ಲದೆ ಅಳು ಬಂದಿತ್ತು. ಯಾರೋ ಬಾಗಿಲು ತೆರೆದು, ಒಳಗೆ ಕರೆಯದೆ, ಹೊರಟುಹೋದ ಹಾಗಾಗಿತ್ತು. ಆ ಬಾಗಿಲನ್ನೇ ಹುಡುಕಿಕೊಂಡು ಅವಳು ಈ ದಂಡೆಗೆ ಬಂದದ್ದು.

ಕೂಗು ನಿಂತಿತು. ಮೊಬೈಲು ಸುಮ್ಮನಾಯಿತು.

ಮಾಸ್ತರರು ಬಲಗೈಯ ತೋರುಬೆರಳನ್ನು ಮೇಲೆತ್ತಿದರು. ಹಾಗೇ ಹಿಡಿದುಕೊಂಡರು.

ವಾರಿಜಾ ಕಾದಳು. ಹೊಳೆಯಲ್ಲಿ ಒಂದು ಮೀನು ಹಾರಿ ಬಿತ್ತು. ಬೆರಳು ಇಳಿಯಲಿಲ್ಲ.

“ಮುಗಿಯಿತು ಮಾಸ್ತರೇ.”

“ನಿನಗೆ ಮುಗಿಯಿತೇ?”

ಅವಳು ತಗ್ಗಿದ ದನಿಯಲ್ಲಿ ಹೇಳಿದಳು.

“ಇಲ್ಲ. ಯಾವತ್ತೂ ಮುಗಿದಿಲ್ಲ.”

ಮಾಸ್ತರರು ಬೆರಳು ಇಳಿಸಿದರು.

“ಕಿವಿ ಇದೆ ನಿನಗೆ,” ಎಂದರು. “ಚಹಾ ಇಡು.”

ಚಹಾ ಕುಡಿಯುತ್ತ ಅವರು ಹೇಳಿದ್ದು ಇಷ್ಟು.

ಅವರು ಹುಟ್ಟಿದ್ದು ಪಶ್ಚಿಮದ ಕಡಲ ಬದಿಯಲ್ಲಿ, ಹೊಳೆ ಸಮುದ್ರ ಸೇರುವ ಜಾಗದಲ್ಲಿ. ಅಲ್ಲಿ ದೋಣಿ ದಾಟಿಸುವ ಜಾಗಕ್ಕೆ ಕಡವು ಎನ್ನುತ್ತಾರೆ. ಅವರ ಅಪ್ಪ ಆ ಕಡವಿನ ಅಂಬಿಗ.

“ದೋಣಿ ಒಂದೇ. ದಡ ಎರಡು. ನೀನು ಬಂದಾಗ ದೋಣಿ ಆಚೆ ದಡದಲ್ಲೇ ಇರುತ್ತದೆ, ಅದು ದೋಣಿಯ ಹುಟ್ಟುಗುಣ. ಆಗ ಏನು ಮಾಡುತ್ತೀ?”

“ಕೂಗುತ್ತೇನೆ.”

“ಎಷ್ಟು ಸಲ?”

“ಕೇಳಿಸುವ ತನಕ.”

“ಅದೇ ತಪ್ಪು. ನಮ್ಮಲ್ಲಿ ಒಂದೇ ಸಲ. ಎರಡನೇ ಸಲ ಕೂಗಿದರೆ ಅಂಬಿಗನಿಗೆ ಅವಮಾನ. ಕಿವುಡ ಅಂದ ಹಾಗೆ, ಸೋಮಾರಿ ಅಂದ ಹಾಗೆ. ಎರಡು ಸಲ ಕೂಗಿದವನನ್ನು ನನ್ನಪ್ಪ ಬೇಕೆಂದೇ ತಡಮಾಡಿ ದಾಟಿಸುತ್ತಿದ್ದ. ನಡುಹೊಳೆಯಲ್ಲಿ ದೋಣಿ ನಿಲ್ಲಿಸಿ ಎಲೆ ಅಡಿಕೆ ಹಾಕುತ್ತಿದ್ದ.”

“ಒಂದು ಸಲ ಕೂಗಿ?”

“ಕಾಯಬೇಕು. ನಿನ್ನ ಕೂಗು ದಾಟಬೇಕಲ್ಲ, ಅದಕ್ಕೂ ಹೊತ್ತು ಬೇಡವೇ? ಆಮೇಲೆ ಆಚೆಯಿಂದ ಅಪ್ಪ ಓಗೊಡುತ್ತಿದ್ದ. ‘ಬಂದೇ…’ ಅಂತ. ಆ ದನಿ ಬಂದ ಮೇಲೆ ದೋಣಿ ಬರುವುದು ಎಷ್ಟು ತಡವಾದರೂ ಸರಿ, ದಾಟಿದ ಹಾಗೆಯೇ.”

ವಾರಿಜಾಳ ಲೋಟ ಕೈಯಲ್ಲೇ ನಿಂತಿತು.

“ಹಾಡಿನಲ್ಲಿ ಅದಿದೆ,” ಎಂದಳು. “ಕೂಗಿನ ನಂತರ.”

“ಹನ್ನೊಂದು ಸೆಕೆಂಡು ಏನೂ ಇಲ್ಲ. ಆಮೇಲೆ ಇದೆ.”

“ಮತ್ತೆ ಯಾಕೆ ಯಾರೂ ಕೇಳಿಲ್ಲ?”

ಮಾಸ್ತರರು ನಕ್ಕರು. ನಗುವಿನಲ್ಲಿ ಹಲ್ಲು ಎರಡೇ ಕಂಡವು.

“ರೇಡಿಯೋದಲ್ಲಿ ಹನ್ನೊಂದು ಸೆಕೆಂಡು ಸದ್ದಿಲ್ಲದಿದ್ದರೆ ಕೂತವನಿಗೆ ಜೀವ ಬಾಯಿಗೆ ಬರುತ್ತದೆ. ಹಾಡು ಮುಗಿಯಿತು ಅಂದುಕೊಂಡು ತಟ್ಟೆಯ ಮೇಲಿನ ಮುಳ್ಳು ಎತ್ತಿಬಿಟ್ಟ. ಒಬ್ಬ ಎತ್ತಿದ್ದನ್ನು ನೋಡಿ ಇನ್ನೊಬ್ಬ ಎತ್ತಿದ. ಆಮೇಲೆ ಸಂಗ್ರಹ ಮಾಡಿದವರು ರೇಡಿಯೋದವರ ಟೇಪಿನಿಂದಲೇ ಇಳಿಸಿಕೊಂಡರು. ಅಚ್ಚಾದದ್ದೇ ಮುನ್ನೂರು ತಟ್ಟೆ. ಯಾರ ಮನೆಯಲ್ಲಿ ಉಳಿದಿದೆಯೋ.”

“ನೀವು ಹೇಳಬಹುದಿತ್ತು.”

“ಕಾಯುತ್ತಾರೆ ಅಂದುಕೊಂಡಿದ್ದೆ.”

ಅವರು ಗೋಡೆಯ ಕಡೆ ನೋಡಿದರು. ವಾರಿಜಾಳೂ ನೋಡಿದಳು.

“ಅದೇನಾ?”

“ಅಪ್ಪನಿಗೆ ಕಳಿಸಿದ್ದೆ. ಹತ್ತೊಂಬತ್ತಕ್ಕೆ ಮನೆ ಬಿಟ್ಟವನು, ಕಾಗದ ಬರೆಯುವ ಮುಖ ಇರಲಿಲ್ಲ. ಹಾಡು ಕಳಿಸಿದೆ. ಅಪ್ಪನ ಹತ್ತಿರ ಗ್ರಾಮಫೋನು ಎಲ್ಲಿಂದ ಬರಬೇಕು? ದೋಣಿಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ. ನಡುವೆ ತೂತು ಇರುವುದೇ ಮೊಳೆಗೆ ಅಂದುಕೊಂಡಿರಬೇಕು.”

ವಾರಿಜಾಳಿಗೆ ನಗು ಬಂತು.

“ಹಾಗಾದರೆ ಅವರು ಹಾಡನ್ನು ಕೇಳಲೇ ಇಲ್ಲವೇ?”

“ಕೇಳಿದ. ಚಹಾದಂಗಡಿಯ ರೇಡಿಯೋದಲ್ಲಿ. ಎಲ್ಲರೂ ಕೇಳಿದಷ್ಟೇ ಕೇಳಿದ. ನಾನು ಊರಿಗೆ ಹೋಗುವಷ್ಟರಲ್ಲಿ ಸೇತುವೆ ಆಗಿತ್ತು, ಅಪ್ಪ ಹೋಗಿಯಾಗಿತ್ತು. ಚಹಾದಂಗಡಿಯ ಪುತ್ತು ಪೈ ಹೇಳಿದ. ಹಾಡು ಬಂದಾಗಲೆಲ್ಲ ಅಪ್ಪ ಎದ್ದು ನಿಲ್ಲುತ್ತಿದ್ದನಂತೆ. ಮುಗಿದ ಮೇಲೆ ಒಂದೇ ಮಾತು ಹೇಳುತ್ತಿದ್ದನಂತೆ.”

“ಏನಂತ?”

“‘ಮಗ ಕೂಗುತ್ತಾನೆ. ಕಾಯುವುದಿಲ್ಲ.’”

ಮಾಸ್ತರರು ಲೋಟ ಮಗುಚಿಟ್ಟರು. ಆ ಸಂಜೆಗೆ ಅದೇ ಕೊನೆಯ ಮಾತು.

ಶುಕ್ರವಾರ ವಾರಿಜಾ ಶಾಲೆ ಬಿಟ್ಟವಳೇ ಓಡಿ ಬಂದಳು.

“ಮಾಸ್ತರೇ, ಆ ಕೊನೆಯನ್ನು ನನಗೆ ಹೇಳಿಕೊಡಿ. ಭಾನುವಾರ ಮಕ್ಕಳಿಗೆ ನಾನು ಪೂರ್ತಿ ನುಡಿಸುತ್ತೇನೆ.”

ಅವರು ಮಡಚಿದ ಎಡಗೈ ತೋರಿಸಿದರು.

“ಬಾಯಲ್ಲಿ ಹೇಳಿ. ಗುನುಗಿ. ನಾನು ಹಿಡಿದುಕೊಳ್ಳುತ್ತೇನೆ.”

ಮಾಸ್ತರರು ಹೊಳೆಯ ಕಡೆ ತಿರುಗಿದರು.

“ಮರೆತಿದ್ದೀರಾ?”

“ದಿನಾ ನೆನಪಾಗುತ್ತದೆ.”

“ಮತ್ತೆ?”

“ಕೂಗಿದವನೇ ಓಗೊಡುವುದುಂಟೇ? ಆ ತಪ್ಪನ್ನು ಒಂದು ಸಲ ಮಾಡಿದ್ದೇನೆ. ನಾನೇ ಕೂಗಿ, ಅಪ್ಪನ ಪರವಾಗಿ ನಾನೇ ‘ಬಂದೆ’ ಅಂದೆ. ಇಪ್ಪತ್ತೈದು ವರ್ಷದವನ ಸೊಕ್ಕು. ರೇಡಿಯೋದವರು ಮುಳ್ಳು ಎತ್ತಿದ್ದೇ ಸರಿ ಅಂತ ಎಷ್ಟೋ ಸಲ ಅನ್ನಿಸಿದೆ.”

ವಾರಿಜಾಳಿಗೆ ಸಿಟ್ಟು ಬಂತು. ಹನ್ನೊಂದು ವರ್ಷದ ಸಿಟ್ಟು ಒಟ್ಟಿಗೇ ಬಂತು.

“ನಿಮ್ಮ ಜೊತೆಗೇ ಹೋಗಿಬಿಡುತ್ತದೆ ಅದು. ಆಮೇಲೆ ನಾನು ಎಲ್ಲಿ ಹುಡುಕಲಿ?”

“ಬೆಂಡೆಕಾಯಿ ಹುಳಿ ಮಾಡಿದ್ದೇನೆ. ಉಂಡು ಹೋಗು.”

ಅವಳು ಉಣ್ಣಲಿಲ್ಲ. ಮಾಸ್ತರರು ಹಿತ್ತಲಿಗೆ ಕೈತೊಳೆಯಲು ಹೋದಾಗ, ಗೋಡೆಯ ತಟ್ಟೆಯನ್ನು ಮೊಳೆಯಿಂದ ಬಿಡಿಸಿ, ಸೆರಗಿನಲ್ಲಿ ಸುತ್ತಿಕೊಂಡು ಹೊರಟುಬಿಟ್ಟಳು.

ಶನಿವಾರ ಬೆಳಿಗ್ಗೆ ಪೇಟೆಯಲ್ಲಿ ಹಳೆಯ ರೇಡಿಯೋ ರಿಪೇರಿ ಮಾಡುವವನೊಬ್ಬನ ಅಂಗಡಿಗೆ ಹೋದಳು. ಅವನಲ್ಲಿ ತಟ್ಟೆ ನುಡಿಸುವ ಯಂತ್ರವೊಂದಿತ್ತು.

ಅವನು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ.

“ಇದನ್ನು ಯಾವುದರಲ್ಲಿ ಕರಿದಿರಿ ಮೇಡಂ?”

“ಕೊನೆಯ ಅರ್ಧ ನಿಮಿಷ ಕೇಳಿದರೆ ಸಾಕು. ದಯವಿಟ್ಟು.”

ಅವನು ಮುಳ್ಳು ಇಟ್ಟ. ತಟ್ಟೆ ಎದ್ದು ಬಿದ್ದು ತಿರುಗಿತು. ಮುಳ್ಳು ಹಾರಿತು. ಮತ್ತೆ ಇಟ್ಟ. ಮತ್ತೆ ಹಾರಿತು. ಮೂರನೆಯ ಸಲ ಅವನು ಮುಳ್ಳಿನ ಮೇಲೆ ಬೆರಳಿಟ್ಟು ಒತ್ತಿಹಿಡಿದ. ಪರಪರ, ಗೊರಗೊರ. ಅದರೊಳಗೆ ಎಲ್ಲೋ ದೂರದಲ್ಲಿ, ಮುರಿದ ದನಿಯ ಒಂದು ಚೂರು. ಕೂಗೋ, ಓಗೊಟ್ಟದ್ದೋ, ತಿಳಿಯಲಿಲ್ಲ. ಆಮೇಲೆ ಅದೂ ಇಲ್ಲ.

ವಾರಿಜಾ ತಟ್ಟೆಯನ್ನು ಮಗುವನ್ನೆತ್ತಿಕೊಳ್ಳುವ ಹಾಗೆ ಎತ್ತಿಕೊಂಡು ಹಿಂದಿರುಗಿದಳು.

ಮಾಸ್ತರರು ಮಂಟಪದಲ್ಲಿ ಕೂತಿದ್ದರು. ಅವಳು ತಟ್ಟೆಯನ್ನು ಅವರ ಮುಂದಿಟ್ಟು, ತಲೆ ತಗ್ಗಿಸಿ ನಿಂತಳು. ಬೈಯಲಿ ಎಂದು ಕಾದಳು.

“ಏನು ಕೇಳಿಸಿತು?” ಎಂದರು ಮಾಸ್ತರರು.

“ಏನೂ ಇಲ್ಲ. ಬರೀ ಗೊರಗೊರ.”

“ಹೇಗಿತ್ತು?”

“ಹೇಗಿರುತ್ತದೆ? ಉರಿಯುವ ಕಸದ ಹಾಗೆ.”

“ಅಪ್ಪನ ಗೋಡೆಯ ಮೇಲೆ ಬಿದ್ದ ಬಿಸಿಲು ಅದು,” ಎಂದರು ಮಾಸ್ತರರು. “ನನಗೆ ಅದನ್ನು ಕೇಳುವ ಧೈರ್ಯ ಬಂದಿರಲಿಲ್ಲ. ನೀನು ಕೇಳಿ ಬಂದೆ.”

ತಟ್ಟೆಯನ್ನು ಬಲಗೈಯಿಂದ ಎತ್ತಿ, ಎದೆಗೆ ಒತ್ತಿ, ಒಳಗೆ ಹೋಗಿ ತಾವೇ ಮೊಳೆಗೆ ಸಿಕ್ಕಿಸಿದರು. ಎರಡು ಸಲ ತಪ್ಪಿತು. ವಾರಿಜಾ ಸಹಾಯಕ್ಕೆ ಹೋಗಲಿಲ್ಲ.

ಭಾನುವಾರ ಬಿಸಿಲು ಏರುವ ಮೊದಲೇ ಮಕ್ಕಳು ಬಂದರು. ಹದಿನಾರು ಮಕ್ಕಳು, ಹದಿನಾರು ನೀರಿನ ಬಾಟಲಿ, ಲೆಕ್ಕವಿಲ್ಲದಷ್ಟು ಮಾತು.

“ಅಜ್ಜಾರೇ, ನೀವು ಖರೇನೇ ಉದ್ದ ಕೂದಲಾ ಬಿಟ್ಟಿದ್ರೇನ್ರೀ?” ಎಂದು ಕೇಳಿದಳು ಶಬಾನಾ.

“ನಿನ್ನ ಜಡೆಗಿಂತ ಉದ್ದ.”

“ಹೇನಾಗ್ತಿದ್ವೇನ್ರೀ?” ಎಂದ ಹುಲಗಪ್ಪ.

“ಅವೂ ತಾಳ ಹಾಕುತ್ತಿದ್ದವು.”

ಮಂಟಪ ನಕ್ಕಿತು. ವಾರಿಜಾ ಒಂದೊಂದೇ ಹಾಡು ಹಾಕಿದಳು. ಬೂದಿ ಬಣ್ಣದ ನಾಯಿಗೆ ಹುಡುಗರು ಎದ್ದು ಕುಣಿದರು. ಮೂರನೇ ಪ್ಲಾಟ್‌ಫಾರ್ಮಿನ ನಡುವೆ ಒಬ್ಬಳಿಗೆ ನಿದ್ದೆ ಬಂತು. ಉಪ್ಪಿನ ಗದ್ದೆ ಮುಗಿದಾಗ ಹುಲಗಪ್ಪ, ಈ ಗಿಟಾರು ನಮ್ಮಪ್ಪನ ಟ್ರ್ಯಾಕ್ಟರಿನ ಹಾಂಗ ಬಡಕೋತದ ಎಂದ. ಮಾಸ್ತರರು ಅವನನ್ನು ಹತ್ತಿರ ಕರೆದು ಬೆನ್ನು ತಟ್ಟಿದರು. ಪತ್ರಿಕೆಯವರು ಅಷ್ಟು ಸರಿಯಾಗಿ ಯಾವತ್ತೂ ಬರೆದಿರಲಿಲ್ಲವಂತೆ.

ಹತ್ತನೆಯದು ಬಂತು. ಕಡವು ಶುರುವಾಯಿತು. ಮರಳು, ಓಟ, ಗದ್ದಲ. ಒಂದೇ ತಂತಿ ಮೇಲೆದ್ದು ಕೂಗಿತು. ನಿಂತಿತು.

ಮಕ್ಕಳೆಲ್ಲ ಒಟ್ಟಿಗೆ ಚಪ್ಪಾಳೆ ಹೊಡೆದರು.

ಮಾಸ್ತರರ ಬೆರಳು ಮೇಲಿತ್ತು. ಚಪ್ಪಾಳೆ ಒಂದೊಂದಾಗಿ ನಿಂತುಹೋಯಿತು.

“ಅಜ್ಜಾರಿಗೆ ಏನಾತ್ರೀ ಟೀಚರ್?” ಎಂದು ಶಬಾನಾ ಪಿಸುಗುಟ್ಟಿದಳು.

“ಇನ್ನೂ ಮುಗಿದಿಲ್ಲ,” ಎಂದಳು ವಾರಿಜಾ.

“ಮುಂದೇನೈತ್ರೀ?”

“ನನಗೂ ಗೊತ್ತಿಲ್ಲ.”

ಟೀಚರಿಗೆ ಗೊತ್ತಿಲ್ಲದ್ದೂ ಒಂದಿದೆ ಎಂದು ಮಕ್ಕಳಿಗೆ ಖುಷಿಯಾಯಿತು.

ಮಾಸ್ತರರು ಬೆರಳು ಇಳಿಸಿ ವಾರಿಜಾಳ ಕಡೆ ತಿರುಗಿದರು.

“ಗಿಟಾರು ತಗೋ. ಆಚೆ ದಡಕ್ಕೆ ಹೋಗು.”

“ಆಚೆ ದಡಕ್ಕೇ?”

“ಹರಿಗೋಲಿನ ಹನುಮವ್ವನಿಗೆ ಹೇಳಿದ್ದೇನೆ.”

ಬಂಡೆಯ ಕೆಳಗೆ ಹನುಮವ್ವನ ಹರಿಗೋಲು ಕಾಯುತ್ತಿತ್ತು. ಬೇಸಿಗೆಯ ಹೊಳೆ. ನಡುವಿನ ಮಡುವೊಂದು ಬಿಟ್ಟರೆ ಉಳಿದದ್ದು ಕಲ್ಲು, ಮರಳು. ಆಚೆ ದಡ ಕೂಗಳತೆಯಲ್ಲಿತ್ತು.

“ಅಲ್ಲಿ ಹೋಗಿ ಏನು ಮಾಡಲಿ ಮಾಸ್ತರೇ?”

“ಇಲ್ಲಿಂದ ಇವರು ಒಂದೇ ಸಲ ಕೂಗುತ್ತಾರೆ. ಆಮೇಲಿನದು ನಿನ್ನದು.”

“ನನಗೆ ಕೊನೆ ಗೊತ್ತಿಲ್ಲವಲ್ಲ!”

“ಅಂಬಿಗನಿಗೆ ಯಾರು ಕಲಿಸಿದ್ದರು?”

ಅವಳು ಗಿಟಾರನ್ನು ನೋಡಿದಳು. ಮರದ ಗಿಟಾರು. ವೈರಿಲ್ಲ, ಪೆಟ್ಟಿಗೆಯಿಲ್ಲ.

“ಇದರ ದನಿ ಇಲ್ಲಿಯ ತನಕ ಮುಟ್ಟುವುದಿಲ್ಲ.”

“ಅದು ಈ ದಡದವರ ಕೆಲಸ,” ಎಂದರು ಮಾಸ್ತರರು. “ನೀನು ಹೋಗು.”

ಹರಿಗೋಲು ಸುತ್ತಿ ಸುತ್ತಿ ಸಾಗಿತು. ವಾರಿಜಾ ಗಿಟಾರನ್ನು ತಬ್ಬಿಕೊಂಡು ಕೂತಿದ್ದಳು.

“ಅಂವ ಅಜ್ಜ ದಿನಾ ಸಂಜೀಕ ಆ ಬಂಡೆಗಲ್ಲ ಮ್ಯಾಲ ನಿಂತು ಆಚೀ ಕಡೆ ನೋಡ್ತಾನ,” ಎಂದಳು ಹನುಮವ್ವ. “ಒಂದಿನ ನಾ ಕೇಳಿದೆ, ದಾಟಬೇಕೇನ ಮುತ್ಯಾ ಅಂತ. ಇಲ್ಲವ್ವ ಅಂದ. ಮತ್ತ ಯಾಕ ನಿಂತಿ ಅಂದೆ. ಒಂದು ಸಲ ಕೂಗೀನಿ, ಅದಕ್ಕ ನಿಂತೀನಿ ಅಂದ. ಅಂವ ಕೂಗಿದ್ದು ನಾ ಒಂದಿನಾನೂ ಕೇಳಿಲ್ಲ ನೋಡು.”



ಆಚೆ ದಡದಲ್ಲಿ ಇಳಿದು ವಾರಿಜಾ ಒಂದು ಕಲ್ಲಿನ ಮೇಲೆ ಕೂತಳು. ಈಗ ಅದು ಈಚೆ ದಡವಾಗಿತ್ತು. ಮಂಟಪ ಬೆಂಕಿಪೆಟ್ಟಿಗೆಯಷ್ಟು ಕಂಡಿತು. ಮಕ್ಕಳ ಅಂಗಿಗಳು ಬಣ್ಣದ ಚುಕ್ಕಿ. ಅವುಗಳ ನಡುವೆ ಒಂದು ಬಿಳಿಯ ಚುಕ್ಕಿ.

ಅವಳು ಮನಸ್ಸಿನಲ್ಲಿ ಸ್ವರಗಳನ್ನು ಹುಡುಕಿದಳು. ಹೀಗಿರಬಹುದೇ? ಮಾಸ್ತರರ ಉಳಿದ ಹಾಡುಗಳ ಕೊನೆಗಳನ್ನು ನೆನೆದಳು. ಹಾಗಿರಬಹುದೇ? ಮೂರು ಸ್ವರವೇ, ಐದೇ? ಏರುವುದೋ, ಇಳಿಯುವುದೋ?

ಆಗ ಕೂಗು ಬಂತು.

ಹದಿನಾರು ಮಕ್ಕಳ ಕೂಗು ಹೊಳೆ ದಾಟುವಷ್ಟರಲ್ಲಿ ಒಂದೇ ಎಳೆಯಾಗಿತ್ತು. ಗಿಟಾರಿನ ಅದೇ ಕೂಗು, ಎದೆ ಬಿಚ್ಚಿದ ಕೂಗು, ಮಕ್ಕಳ ಬಾಯಲ್ಲಿ.

“ಓ…”

ಅವಳ ಬೆರಳು ತಾನಾಗಿ ತಂತಿಗೆ ಹೋಯಿತು. ಏನಾದರೂ ನುಡಿಸಿಬಿಡಬೇಕು, ತಡವಾದರೆ ಅವರು ಎದ್ದು ಹೋಗುತ್ತಾರೆ, ಚಪ್ಪಾಳೆ ಹೊಡೆಯುತ್ತಾರೆ.

ಆದರೆ ಅವಳು ಎದ್ದು ನಿಂತಳು. ಯಾಕೆಂದು ಅವಳಿಗೇ ತಿಳಿಯಲಿಲ್ಲ. ಕರೆದಾಗ ಕೂತಲ್ಲಿಂದ ಓಗೊಡುವುದು ಹೇಗೆ?

ಗಿಟಾರಿನ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡಳು. ಕೈಯನ್ನು ಸೀರೆಗೆ ಒರೆಸಿಕೊಂಡಳು. ಕೂಗಿದವರು ಯಾರೆಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಎರಡು ಹೆಜ್ಜೆ ನೀರಿನ ಕಡೆಗೆ ಇಳಿದಳು.

ಅಷ್ಟು ಹೊತ್ತಿಗೆ ಅವಳಿಗೆ ಗೊತ್ತಾಯಿತು. ಕಡವಿನ ಆ ಅಂಬಿಗನೂ ಇದನ್ನೇ ಮಾಡುತ್ತಿದ್ದ. ಬೀಡಿ ಆರಿಸಿ, ಪಂಚೆ ಎತ್ತಿ ಕಟ್ಟಿ, ಯಾರೆಂದು ನೋಡಿ, ಹಗ್ಗಕ್ಕೆ ಕೈ ಹಾಕಿ. ಆ ದಡದಲ್ಲಿ ಹನ್ನೊಂದು ಸೆಕೆಂಡು ಏನೂ ಇರಲಿಲ್ಲ. ಈ ದಡದಲ್ಲಿ ಒಬ್ಬ ಮನುಷ್ಯ ಎದ್ದು ಬರುತ್ತಿದ್ದ.

ಚಹಾದಂಗಡಿಯಲ್ಲಿಯೂ ಅವನು ಎದ್ದೇ ನಿಲ್ಲುತ್ತಿದ್ದನಲ್ಲ.

ಹುಡುಕುತ್ತಿದ್ದ ಸ್ವರಗಳೆಲ್ಲ ಮರೆತುಹೋದವು. ವಾರಿಜಾ ತಂತಿ ಮೀಟಿದಳು. ಬಂದೇ, ಎಂದು ಹೇಳಲು ಎಷ್ಟು ಬೇಕೋ ಅಷ್ಟೇ. ಕೊನೆಯ ಸ್ವರವನ್ನು ತಡೆಯದೆ ನೀರಿನ ಮೇಲೆ ಹೋಗಲು ಬಿಟ್ಟಳು.

ಆಚೆಯಿಂದ ಏನೂ ಕೇಳಿಸಲಿಲ್ಲ. ಚಪ್ಪಾಳೆ ಇಲ್ಲ, ಮಾತಿಲ್ಲ. ಬಣ್ಣದ ಚುಕ್ಕಿಗಳು ಅಲ್ಲಾಡಲಿಲ್ಲ.

“ಕುಂದರವ್ವ,” ಎಂದಳು ಹನುಮವ್ವ ಬಹಳ ಹೊತ್ತಿನ ಮೇಲೆ. “ಹೋಗೂಣು.”

ಹರಿಗೋಲು ದಡ ಮುಟ್ಟುವ ಮೊದಲೇ ಮಕ್ಕಳು ನೀರಿನ ತನಕ ಬಂದು ನಿಂತಿದ್ದರು.

“ಟೀಚರ್, ಕೇಳಿಸ್ತ್ರೀ!” ಎಂದಳು ಶಬಾನಾ. “ಸಣ್ಣಗ ಕೇಳಿಸ್ತು. ಸೊಳ್ಳಿ ಹಾಡಿದಷ್ಟು. ಆದ್ರ ಕೇಳಿಸ್ತು.”

“ಈ ಹುಲಗ್ಯಾ ಎರಡನೇ ಸಲ ಕೂಗಾಕ ಬಾಯಿ ತಗದಿದ್ನರೀ ಟೀಚರ್,” ಎಂದು ಇನ್ನೊಬ್ಬಳು ಚಾಡಿ ಹೇಳಿದಳು. “ಶಬಾನಾ ಅವನ ಬಾಯಿ ಮುಚ್ಚಿ ಹಿಡಿದ್ಲು.”

“ಕೈ ಕಚ್ಚಿದಾನ್ರೀ,” ಎಂದು ಶಬಾನಾ ಅಂಗೈ ತೋರಿಸಿದಳು.

“ನನಗ ಅನ್ನಿಸ್ತು ಟೀಚರಿಗೆ ಕೇಳಿಸಿಲ್ಲಂತ,” ಎಂದ ಹುಲಗಪ್ಪ ನೆಲ ನೋಡುತ್ತ. “ಅಜ್ಜಾರು ಬೆರಳು ಎತ್ತೇ ಇದ್ರು. ಗಿಟಾರ್ ಕೇಳಿಸಿದ ಮ್ಯಾಲ ಇಳಿಸಿದ್ರು.”

ವಾರಿಜಾ ಬಂಡೆ ಹತ್ತಿದಳು. ಸೀರೆಯ ಅಂಚು ಒದ್ದೆಯಾಗಿ ಕಾಲಿಗೆ ತೊಡರುತ್ತಿತ್ತು.

ಮಾಸ್ತರರು ಮಂಟಪದ ಕಂಬಕ್ಕೆ ಒರಗಿ ನಿಂತಿದ್ದರು. ಕೂತಿದ್ದವರು ಯಾವಾಗ ಎದ್ದರೋ. ಮಡಚಿದ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದರು. ಕಣ್ಣು ಆಚೆ ದಡದ ಮೇಲಿತ್ತು.

ಅವಳು ಗಿಟಾರನ್ನು ಅವರ ಕಾಲ ಬಳಿ ಇಟ್ಟಳು. ಕೇಳಬಾರದು ಎಂದುಕೊಂಡಳು. ಒಂಬತ್ತು ವರ್ಷದ ಹುಡುಗಿ ಒಳಗಿನಿಂದ ಕೇಳಿಯೇಬಿಟ್ಟಳು.

“ಮಾಸ್ತರೇ, ಅದೇನಾ? ತಟ್ಟೆಯಲ್ಲಿ ಇದ್ದದ್ದು ಅದೇನಾ?”

ಮಾಸ್ತರರು ಅವಳ ಕಡೆ ತಿರುಗಿದರು. ಆಮೇಲೆ ಹದಿನಾರು ಮಕ್ಕಳ ಕಡೆ.

“ಇವತ್ತು ಯಾರೂ ಮುಳ್ಳು ಎತ್ತಲಿಲ್ಲ,” ಎಂದರು.